ಆಪರೇಶನ್ ಆದ ಮೇಲೆ ಎದೆಬಡಿತ ಕಾಯುವ ವಾಚು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಹುಬ್ಬಳ್ಳಿ, ಮಿರಜ ಕಡೆ ಹೋಗಿ ಬೈಪಾಸನ್ನೋ ವಾಲ್ವಿನ ಆಪರೇಶನ್ನನ್ನೋ ಮಾಡಿಸಿಕೊಂಡ ಮುಧೋಳ, ಜಮಖಂಡಿ, ಗುಳೇದಗುಡ್ಡ, ಇಳಕಲ್ ಕಡೆಯ ಜನ ಊರಿಗೆ ಮರಳಿದ ಮೇಲೆ ತೋರಿಸಿಕೊಳ್ಳಲು ಬಾಗಲಕೋಟೆಗೆ ಬರುತ್ತಾರೆ. ನಾನು ಸರ್ಜನ್ ಅಲ್ಲ, ನವನಗರದಲ್ಲಿ ಕೂತಿರುವ ಫಿಜಿಶಿಯನ್. ಬಂದವರ ಒಂದು ಕೈಯಲ್ಲಿ ಡಿಸ್ಚಾರ್ಜ್ ಕಾರ್ಡಿನ ಪ್ಲಾಸ್ಟಿಕ್ ಚೀಲ ಇರುತ್ತದೆ, ಇನ್ನೊಂದು ಕೈಯಲ್ಲಿ ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಕಳಿಸಿದ ಹೊಸ ವಾಚು. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಬರೆದಿದ್ದೇನೆ, ಉತ್ತರ ನನ್ನ ಮಾತಿನಲ್ಲಿ.

ಆಪರೇಶನ್ ಚಲೋ ಆಗೈತಿ ಅಂದ್ರು. ಮತ್ತ ಎದಿಬಡಿತ ಯಾಕ ತಾಳ ತಪ್ಪತೈತ್ರಿ?

ಆಪರೇಶನ್ ಚೆನ್ನಾಗಿಯೇ ಆಗಿರುತ್ತದೆ. ತಾಳ ತಪ್ಪಿದ ಮಾತ್ರಕ್ಕೆ ಸರ್ಜನ್ ಕೈ ತಪ್ಪಿದೆ ಎಂದಲ್ಲ.

ಕರಡಿ ಮಜಲಿನ ವಾದ್ಯಮೇಳ ನೋಡಿದ್ದೀರಲ್ಲ? ಒಬ್ಬ ಮುಂದೆ ನಿಂತು ಲಯ ಹಿಡಿಯುತ್ತಾನೆ, ಉಳಿದವರು ಅವನನ್ನು ಅನುಸರಿಸುತ್ತಾರೆ. ಹೃದಯದ ಮೇಲಿನ ಬಲಗೋಣೆಯಲ್ಲೂ ಅಂಥ ಒಂದು ಮುಂದಾಳು ಗಂಟು ಇದೆ. ಅದು ಮಿಡಿದಾಗ ಮೇಲಿನ ಎರಡೂ ಕೋಣೆ ಒಟ್ಟಿಗೆ ಹಿಂಡುತ್ತವೆ, ಆಮೇಲೆ ಕೆಳಗಿನವು. ಎದೆ ತೆರೆದು ಆಪರೇಶನ್ ಮಾಡಿದಾಗ ಹೃದಯದ ಸುತ್ತಲಿನ ಪೊರೆ ಉರಿಯೂತದಿಂದ ಬಾತಿರುತ್ತದೆ. ಮೈಯಲ್ಲಿ ನೀರಿನ ಅಂಶ ಏರುಪೇರಾಗುತ್ತದೆ, ಪೊಟ್ಯಾಶಿಯಂ, ಮೆಗ್ನೀಶಿಯಂ ಇಳಿಯುತ್ತವೆ, ನೋವಿಗೆ ಮೈಯ ತುರ್ತು ಹಾರ್ಮೋನುಗಳು ಉಕ್ಕುತ್ತವೆ. ಎದೆಬಡಿತದ ವೇಗ ತಗ್ಗಿಸಲು ಮೊದಲು ತೆಗೆದುಕೊಳ್ಳುತ್ತಿದ್ದ ಬೀಟಾ ಬ್ಲಾಕರ್ ಮಾತ್ರೆ ನಡುವೆ ನಿಂತಿದ್ದರೆ ಅದೂ ಒಂದು ಕಾರಣ. ಆಗ ಮೇಲಿನ ಕೋಣೆಗಳಲ್ಲಿ ಯಾರು ಬೇಕಾದರೂ ಬಡಿಯಲು ಶುರುಮಾಡುತ್ತಾರೆ. ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅಲ್ಲಿ ಬರಿಯ ನಡುಕ. ಅದರಲ್ಲಿ ಕೆಲವು ಮಾತ್ರ ಕೆಳಗಿಳಿಯುವುದರಿಂದ ನಾಡಿ 100, 120, 150 ಎಂದು ಓಡುತ್ತದೆ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಇದೇ ಏಟ್ರಿಯಲ್ ಫಿಬ್ರಿಲೇಶನ್. ಕಾರ್ಡಿನಲ್ಲಿ ‘ಎಎಫ್’ ಎಂದು ಬರೆದಿರುತ್ತದೆ.

ಹೃದಯದ ಆಪರೇಶನ್ ಆದವರಲ್ಲಿ ನೂರಕ್ಕೆ 20ರಿಂದ 40 ಜನರಿಗೆ ಇದು ಬರುತ್ತದೆ. ಬರಿಯ ಬೈಪಾಸಿಗಿಂತ ವಾಲ್ವಿನ ಆಪರೇಶನ್ ಆದವರಲ್ಲಿ ಹೆಚ್ಚು. ವಯಸ್ಸಾದಷ್ಟೂ ಹೆಚ್ಚು. ಎಲ್ಲಕ್ಕಿಂತ ಜೋರಾಗಿ ಕಾಣುವುದು ಎರಡರಿಂದ ನಾಲ್ಕನೆಯ ದಿನದೊಳಗೆ, ಅಂದರೆ ನೀವಿನ್ನೂ ಆಸ್ಪತ್ರೆಯ ಮಾನಿಟರಿನ ಕೆಳಗೆ ಮಲಗಿರುವಾಗ.

ಆಸ್ಪತ್ರ್ಯಾಗ ಎಲ್ಲಾ ನಾರ್ಮಲ್ ಇತ್ರಿ. ಮನಿಗೆ ಬಂದಮ್ಯಾಲೂ ಬರ್ತೈತೇನು?

ಬರಬಹುದು. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಟಿಕ್ ಟಿಕ್ ಅನ್ನುತ್ತಿದ್ದ ಪರದೆ ಮನೆಯಲ್ಲಿ ಇರುವುದಿಲ್ಲ. ಮುಂದಿನ ಭೇಟಿ ಎರಡು ವಾರಕ್ಕೋ ತಿಂಗಳಿಗೋ. ನಡುವೆ ಏನಾಯಿತು ಎಂದು ಯಾರೂ ನೋಡಿರುವುದಿಲ್ಲ.

ಈ ನಡುವಿನ ಗ್ಯಾಪಿನ ಮೇಲೆ ಕೆನಡಾದಲ್ಲಿ ಒಂದು ಒಳ್ಳೆಯ ಅಧ್ಯಯನ ನಡೆದಿದೆ, ಹೆಸರು ಸರ್ಚ್-ಎಎಫ್. 2021ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೃದಯದ ಆಪರೇಶನ್ ಆಗಿ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದ 336 ಜನರನ್ನು ಮನೆಗೆ ಕಳಿಸುವಾಗ ಎರಡು ಗುಂಪು ಮಾಡಿದರು. ಒಂದು ಗುಂಪಿನ ಎದೆಗೆ 30 ದಿನ ಇಸಿಜಿ ಪಟ್ಟಿ ಅಂಟಿಸಿದರು, ಇನ್ನೊಂದಕ್ಕೆ ಎಂದಿನ ತಪಾಸಣೆ ಮಾತ್ರ. ಪಟ್ಟಿ ಇದ್ದವರಲ್ಲಿ ನೂರಕ್ಕೆ 19.6 ಜನರಲ್ಲಿ ಆರು ನಿಮಿಷ ಅಥವಾ ಅದಕ್ಕೂ ಹೆಚ್ಚಿನ ತಾಳ ತಪ್ಪುವಿಕೆ ಸಿಕ್ಕಿತು. ಎಂದಿನ ತಪಾಸಣೆಯವರಲ್ಲಿ 1.7. ಆ ಗುಂಪಿನವರ ಹೃದಯ ಹೆಚ್ಚು ಗಟ್ಟಿ ಇತ್ತು ಎಂದಲ್ಲ, ಕಾಣಲು ಯಾರೂ ಇರಲಿಲ್ಲ, ಅಷ್ಟೇ. ಆಪರೇಶನ್ ಆದವರ ಮೈಮೇಲೆ ಏನಾದರೊಂದು ಯಂತ್ರ ಇರಲಿ ಎಂಬ ಮಾತಿಗೆ ನನಗೆ ಬಲವಾದ ಕಾರಣ ಕಂಡದ್ದು ಇಲ್ಲಿ. ಆದರೆ ಅಲ್ಲಿ ಅಂಟಿಸಿದ್ದು ಎದೆಯ ಪಟ್ಟಿ, ಕೈಗೆ ಕಟ್ಟುವ ವಾಚಲ್ಲ. ಹೆಚ್ಚು ಸಿಕ್ಕಿತು ಎಂದು ತೋರಿಸಿದರೇ ಹೊರತು, ಹಾಗೆ ಸಿಕ್ಕಿದ್ದರಿಂದ ಇಷ್ಟು ಜನ ಉಳಿದರು ಎಂದು ಆ ಅಧ್ಯಯನ ಹೇಳಿಲ್ಲ.

ಬಂದ್ರ ಏನಾಗತೈತಿ? ತಾನ ಹೋಗಂಗಿಲ್ಲೇನ್ರಿ?

ಬಹಳ ಜನರಲ್ಲಿ ನಾಲ್ಕಾರು ವಾರದೊಳಗೆ ತಾನೇ ಹೋಗುತ್ತದೆ. ಚಿಂತೆ ಇರುವುದು ಅದು ಇರುವಷ್ಟು ದಿನದ ಬಗ್ಗೆ. ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರಿಯ ನಡುಗಿದರೆ ಅಲ್ಲಿನ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಹರಿಯುವ ನೀರು ನಿಂತಲ್ಲಿ ಪಾಚಿ ಕಟ್ಟಿದ ಹಾಗೆ. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು, ನಮ್ಮ ಕಡೆ ಲಕ್ವಾ ಅನ್ನುತ್ತಾರಲ್ಲ ಅದು. ಅದಲ್ಲದೆ ಬಹಳ ಹೊತ್ತು ವೇಗವಾಗಿ ಓಡಿದ ಹೃದಯ ದಣಿಯುತ್ತದೆ, ಉಬ್ಬಸ ಬರುತ್ತದೆ, ಕಾಲಿಗೆ ಬಾವು ಬರುತ್ತದೆ. ಕೆಲವರಿಗೆ ಎದೆ ಡವಡವ ಅಂದು ಗೊತ್ತಾಗುತ್ತದೆ. ಏನೂ ಗೊತ್ತಾಗದವರೂ ಬೇಕಾದಷ್ಟು ಜನ.

ಈ ವಾಚು ಹ್ಯಾಂಗ ಕಂಡ ಹಿಡೀತೈತ್ರಿ? ಕೈಗೆ ಕಟ್ಟಿದ್ದು ಎದಿ ಹ್ಯಾಂಗ ನೋಡ್ತೈತಿ?

ಎರಡು ಬೇರೆ ಬೇರೆ ದಾರಿಗಳಿವೆ. ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ.

ಒಂದು, ಹಿಂಬದಿಯ ಹಸಿರು ಬೆಳಕು. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಬಡಿತಕ್ಕೊಮ್ಮೆ ಚರ್ಮದ ಕೆಳಗೆ ರಕ್ತ ನುಗ್ಗಿದಾಗ ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ, ಇಳಿದಾಗ ಹೆಚ್ಚುತ್ತದೆ. ವಾಚು ಆ ಏರಿಳಿತ ಎಣಿಸುತ್ತದೆ. ಅದು ನೋಡುತ್ತಿರುವುದು ನಾಡಿಯನ್ನು. ಹೃದಯದ ವಿದ್ಯುತ್ತು ಅದಕ್ಕೆ ಕಾಣುವುದಿಲ್ಲ. ಅಂತರಗಳು ಒಂದೇ ಸಮ ಇಲ್ಲ ಎಂಬ ಗುಮಾನಿ ಎಬ್ಬಿಸುವುದಷ್ಟೇ ಅದರ ಕೆಲಸ.

ಎರಡನೆಯದು ಇಸಿಜಿ. ವಾಚಿನ ಹಿಂಬದಿ ಒಂದು ಕೈಗೆ ತಾಗಿರುತ್ತದೆ, ಇನ್ನೊಂದು ಕೈಯ ಬೆರಳನ್ನು ಅದರ ಗುಂಡಿಯ ಮೇಲೋ ಅಂಚಿನ ಮೇಲೋ 30 ಸೆಕೆಂಡು ಇಡಬೇಕು. ಎರಡು ಕೈಗಳ ನಡುವಿನ ವಿದ್ಯುತ್ತಿನ ಗೆರೆ ಬೀಳುತ್ತದೆ. ಆಸ್ಪತ್ರೆಯ ಇಸಿಜಿ ಹನ್ನೆರಡು ಕೋನದಿಂದ ನೋಡಿದರೆ ಇದು ಒಂದೇ ಕೋನ. ಆದರೆ ಎಎಫ್ ಹೌದೋ ಅಲ್ಲವೋ ಎಂದು ಹೇಳಲು ಒಳ್ಳೆಯ 30 ಸೆಕೆಂಡಿನ ಗೆರೆ ವೈದ್ಯರಿಗೆ ಸಾಕಾಗುತ್ತದೆ. ಹಸಿರು ಬೆಳಕಿನ ವರದಿ ಎಷ್ಟು ತಂದರೂ ಅದರ ಮೇಲೆ ನಾನು ಮಾತ್ರೆ ಬರೆಯುವುದಿಲ್ಲ. ಗೆರೆ ತಂದರೆ ಕೂತು ಓದುತ್ತೇನೆ.

ಒಂದೂವರಿ ಸಾವಿರದ್ದು ಸಿಗತೈತ್ರಿ, ಅದೂ ಎದಿಬಡಿತ ತೋರಸ್ತೈತಿ. ಸಾಲಂಗಿಲ್ಲೇನು?

ಈ ಕೆಲಸಕ್ಕೆ ಸಾಲುವುದಿಲ್ಲ. ಅದು ನಾಡಿ ಎಷ್ಟು ಎಂದು ಹೇಳುತ್ತದೆ, ತಾಳ ಹೇಗಿದೆ ಎಂದು ಹೇಳುವುದಿಲ್ಲ. 88 ಎಂಬ ಅಂಕಿ ನೋಡಲು ಚೆಂದ. ಆ 88 ಒಂದೇ ಸಮ ಬಡಿದ 88 ಆಗಿರಬಹುದು, ತಾಳ ತಪ್ಪಿದ 88 ಕೂಡ ಆಗಿರಬಹುದು. ನಡಿಗೆ ಎಣಿಸಲು, ದಿನಕ್ಕೆ ಇಷ್ಟು ನಡೆಯಿರಿ ಎಂದ ಮಾತು ಪಾಲಿಸಲು ಆ ವಾಚು ಧಾರಾಳ ಸಾಕು.

ಹಂಗಾರ ಯಾವುದು ತಗೊಳ್ಳೋಣ? ಮಗಾ ರೊಕ್ಕದ ಚಿಂತಿ ಬ್ಯಾಡ ಅಂದಾನ.

ಮೊದಲು ನಿಮ್ಮ ಸರ್ಜನ್ನರನ್ನೋ ಹೃದಯದ ವೈದ್ಯರನ್ನೋ ಒಂದು ಮಾತು ಕೇಳಿ: “ನನಗೆ ಇದರಿಂದ ಏನು ತಿಳಿಯಬೇಕು?” ಅವರಿಗೆ ಒಂದೆರಡು ವಾರ ಬಿಡದೆ ದಾಖಲಾದ ಗೆರೆ ಬೇಕಿದ್ದರೆ ವಾಚು ಬೇಡವೇ ಬೇಡ, ಎದೆಗೆ ಅಂಟಿಸುವ ಪಟ್ಟಿಯೋ, ಎದೆಗೆ ತಂತಿ ಹಚ್ಚಿ ಮೈಮೇಲೆ ಇಟ್ಟುಕೊಂಡು ತಿರುಗಾಡುವ ಹೋಲ್ಟರ್ ಇಸಿಜಿ ಯಂತ್ರವೋ ಸರಿ. ಹೋಲ್ಟರ್ ಸಾಮಾನ್ಯವಾಗಿ 24ರಿಂದ 48 ತಾಸು, ಒಂದು ಪಟ್ಟಿ 14 ದಿನದವರೆಗೂ ಇರುತ್ತದೆ. (ಹೋಲ್ಟರ್ ಎಂಬುದು ಅಮೆರಿಕದ ನಾರ್ಮನ್ ಹೋಲ್ಟರ್ ಹೆಸರು. 1940ರ ದಶಕದ ಕೊನೆಯಲ್ಲಿ ಅವರು ಮಾಡಿದ ಮೊದಲ ಯಂತ್ರ ಸುಮಾರು 38 ಕಿಲೋ ಇತ್ತು, ಬೆನ್ನಿಗೆ ಹೊರಬೇಕಿತ್ತು. ನಿಮ್ಮ ವಾಚು ಬಿಗಿ ಆಯಿತು ಎಂದು ಗೊಣಗುವಾಗ ಅದನ್ನು ನೆನೆಯಿರಿ.) ಪಟ್ಟಿಗೆ ನಮ್ಮ ಏಪ್ರಿಲ್, ಮೇ ಬಿಸಿಲೇ ಶತ್ರು. ಬೆವರಿಗೆ ಅಂಟು ಬಿಡುತ್ತದೆ. ಹೊಲಿಗೆಯ ಗಾಯದಿಂದ ದೂರ, ಕೂದಲು ತೆಗೆದು, ಒರೆಸಿ ಒಣಗಿಸಿದ ಜಾಗದಲ್ಲಿ ಆಸ್ಪತ್ರೆಯವರೇ ಅಂಟಿಸಲಿ.

ಆಗಾಗ ಬಂದುಹೋಗುವ ಡವಡವವನ್ನು ಅದು ಬಂದಾಗಲೇ ಹಿಡಿಯಬೇಕು ಅಂದರೆ ಇಸಿಜಿ ಇರುವ ವಾಚು, ಇಲ್ಲವೇ ಎರಡೂ ಕೈಬೆರಳು ಇಟ್ಟು ಗೆರೆ ತೆಗೆಯುವ ಕಿಸೆಯಷ್ಟು ಚಿಕ್ಕ ಯಂತ್ರ. ವಯಸ್ಸಾದವರಿಗೆ ಈ ಎರಡನೆಯದೇ ವಾಸಿ ಎಂದು ನನ್ನ ಅನಿಸಿಕೆ. ದಿನಾ ಚಾರ್ಜ್ ಮಾಡುವ ರಗಳೆ ಇಲ್ಲ, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ವಾಚೇ ಕೊಳ್ಳುವುದಾದರೆ ಅಂಗಡಿಯಲ್ಲೇ ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ. ಆ ಮಾದರಿಯ ಇಸಿಜಿ ಭಾರತದಲ್ಲಿ ತೆರೆದಿದೆಯೇ? ನಿಮ್ಮ ಫೋನಿನ ಜೊತೆ ಅದು ನಡೆಯುತ್ತದೆಯೇ? ಆ್ಯಪಲ್ ವಾಚಿಗೆ ಐಫೋನೇ ಬೇಕು. ಸ್ಯಾಮ್ಸಂಗ್ ವಾಚಿನ ಇಸಿಜಿಗೆ ಸ್ಯಾಮ್ಸಂಗ್ ಫೋನೇ ಬೇಕು. ಮಗ ಅಮೆರಿಕದಿಂದ ಆ್ಯಪಲ್ ವಾಚು ತಂದುಕೊಟ್ಟ, ತಂದೆಯ ಹತ್ತಿರ ಇರುವುದು ಕೀಪ್ಯಾಡ್ ಫೋನು. ಅಂಥದ್ದೊಂದು ಡಬ್ಬಿ ದೇವರ ಮಾಡದಲ್ಲಿ ಇರುವುದನ್ನು ನಾನೇ ನೋಡಿದ್ದೇನೆ.

ಯಾವ ಕೈಗೆ ಕಟ್ಟೂದ್ರಿ? ಅವ್ವನ ಕೈ ತುಂಬ ಬಳಿ ಅದಾವ.

ಬೈಪಾಸಿಗೆ ಕೆಲವು ಸಲ ಮುಂಗೈಯ ರಕ್ತನಾಳವನ್ನೇ ತೆಗೆದು ಹೃದಯಕ್ಕೆ ಜೋಡಿಸಿರುತ್ತಾರೆ, ಹೆಚ್ಚಾಗಿ ಎಡಗೈಯದು. ಮಣಿಕಟ್ಟಿನಿಂದ ಮೇಲಕ್ಕೆ ಉದ್ದ ಹೊಲಿಗೆ ಇದ್ದರೆ ಆ ಕೈ ಬಿಟ್ಟು ಇನ್ನೊಂದು ಕೈಗೆ ಕಟ್ಟಿ, ಸೆಟ್ಟಿಂಗಿನಲ್ಲೂ ಕೈ ಬದಲಿಸಿ.

ಬಳೆ ತೆಗೆಯಿರಿ ಎಂದು ನಾನು ಯಾವ ಅವ್ವನಿಗೂ ಹೇಳಿಲ್ಲ, ಹೇಳಿ ಗೆದ್ದವರನ್ನೂ ಕಂಡಿಲ್ಲ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಮೊಣಕೈ ಕಡೆಗೆ ವಾಚು ಕಟ್ಟಿ, ಬಳೆ ಕೆಳಗೆ ಇರಲಿ. ಪಟ್ಟಿ ಜಾರಬಾರದು, ಹಾಗೆಂದು ರಕ್ತ ಕಟ್ಟುವಷ್ಟು ಬಿಗಿಯೂ ಬೇಡ. ಹಳೆಯ ತಲೆಮಾರಿನವರ ಮುಂಗೈ ಮೇಲೆ ಹಚ್ಚೆ ಇರುತ್ತದೆ. ದಟ್ಟ ಹಚ್ಚೆ ಹಸಿರು ಬೆಳಕನ್ನು ನುಂಗುತ್ತದೆ, ಅದಿಲ್ಲದ ಜಾಗ ನೋಡಿಕೊಳ್ಳಿ.

ಕೆಲಸದ ಕೈಯೂ ಲೆಕ್ಕಕ್ಕೆ ಬರುತ್ತದೆ. ಕೈ ಒಂದೇ ಲಯದಲ್ಲಿ ಆಡುತ್ತಿದ್ದರೆ ವಾಚು ಕೈಯ ಲಯವನ್ನೇ ನಾಡಿ ಎಂದು ಎಣಿಸುವುದುಂಟು, ಜೋರು ನಡೆಯುವವರ ಹೆಜ್ಜೆಯನ್ನು ಎಣಿಸಿದ ಹಾಗೆ. ಗುಳೇದಗುಡ್ಡದಲ್ಲಿ ಖಣ ನೇಯುವ ಒಬ್ಬರು ಮೂರು ತಿಂಗಳಿಗೆ ಮಗ್ಗಕ್ಕೆ ವಾಪಸ್ ಕೂತರು. ಮಗ್ಗದ ಹೊತ್ತಿನ ಅಂಕಿಯೆಲ್ಲ 130. ಇಸಿಜಿ ತೆಗೆದರೆ 76, ತಾಳ ಸರಿ. ಹೀಗೆ ಕೈ ಆಡುವಾಗಿನ ಅಂಕಿಯನ್ನು ಬಿಟ್ಟುಬಿಡಿ.

ವಾಚು ಏನೂ ಸೂಚನೆ ಕೊಟ್ಟಿಲ್ಲ. ಅಂದ್ರ ಎಲ್ಲಾ ಬರೋಬ್ಬರಿ ಐತಿ ಅಂತೇನ್ರಿ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಹಸಿರು ಬೆಳಕು ಸದಾ ಉರಿಯುತ್ತದೆ ಎಂದರೆ ಸದಾ ತಾಳ ಪರೀಕ್ಷಿಸುತ್ತಿದೆ ಎಂದಲ್ಲ. ಆ್ಯಪಲ್ ವಾಚನ್ನೇ ತೆಗೆದುಕೊಳ್ಳಿ. ನೀವು ಅಲುಗಾಡದೆ ಇದ್ದಾಗ ಮಾತ್ರ ಅದು ಆಗಾಗ ಒಂದು ನಿಮಿಷದ ತುಣುಕು ನೋಡುತ್ತದೆ. ಆರು ತುಣುಕಿನಲ್ಲಿ ಐದು ತಾಳ ತಪ್ಪಿದ್ದರೆ ಆಗ ಸೂಚನೆ. ಇದಕ್ಕೆ ಕಡಿಮೆ ಅಂದರೂ ಒಂದು ತಾಸಿನ ಮೇಲೆ ಹಿಡಿಯುತ್ತದೆ. ಇಪ್ಪತ್ತು ನಿಮಿಷ ಬಂದು ಹೋದ ಎಎಫ್ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಸುಳ್ಳು ಸುದ್ದಿ ಹಬ್ಬಿಸಬಾರದು ಎಂದು ಬೇಕೆಂದೇ ಹೀಗೆ ಮಾಡಿದ್ದಾರೆ, ಆರೋಗ್ಯವಂತರ ಮಟ್ಟಿಗೆ ಅದು ಸರಿಯೇ. ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನ ಇದ್ದರು, ಸೂಚನೆ ಬಂದದ್ದು 2,161 ಜನರಿಗೆ, ಅಂದರೆ ಸಾವಿರಕ್ಕೆ ಸುಮಾರು ಐದು ಜನರಿಗೆ. ಅವರೆಲ್ಲ ಊರು ತಿರುಗಾಡಿಕೊಂಡಿದ್ದ ಸಾಮಾನ್ಯ ಜನ. ಹದಿನೈದು ದಿನದ ಹಿಂದೆ ಎದೆ ಕೊಯ್ಸಿಕೊಂಡವರ ಲೆಕ್ಕವೇ ಬೇರೆ.

ಇನ್ನೊಂದು ಮಾತು ಅಂಗಡಿಯವ ಹೇಳುವುದಿಲ್ಲ, ಡಬ್ಬಿಯ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಈ ಸೂಚನೆಯ ಸೌಲಭ್ಯ ಮೊದಲು ಎಎಫ್ ಎಂದು ಗೊತ್ತಾಗಿರುವವರಿಗಾಗಿ ಮಾಡಿದ್ದಲ್ಲ. ಆಸ್ಪತ್ರೆಯಲ್ಲಿದ್ದಾಗಲೇ ಎಎಫ್ ಬಂದು, ಮಾತ್ರೆ ಕೊಟ್ಟು ಸರಿಮಾಡಿ ಕಳಿಸಿದ್ದರೆ ನೀವು ಆ ಗುಂಪಿಗೆ ಸೇರುತ್ತೀರಿ. ಕಾರ್ಡು ತೆಗೆದು ನೋಡಿ. ಹಾಗಿದ್ದರೆ ಸೂಚನೆಗೆ ಕಾಯದೆ ದಿನಕ್ಕೆರಡು ಸಲ, ಬೆಳಿಗ್ಗೆ ಮತ್ತು ಮಲಗುವ ಮೊದಲು, ಜೊತೆಗೆ ಎದೆ ಡವಡವ ಅಂದಾಗ ಗೆರೆ ತೆಗೆಯಿರಿ.

‘ಇನ್‌ಕನ್‌ಕ್ಲೂಸಿವ್’ ಅಂತ ಬರ್ತೈತಿ. ಕೆಟ್ಟದ್ದೇನ್ರಿ?

‘ನನಗೆ ತಿಳಿಯಲಿಲ್ಲ’ ಎಂದು ಅರ್ಥ. ಕೈ ನಡುಗಿರಬಹುದು, ಬೆರಳು ಒಣಗಿರಬಹುದು, ನಡುನಡುವೆ ಮುಂಚಿತವಾಗಿ ಬಿದ್ದ ಬಡಿತಗಳಿರಬಹುದು. ಆದರೆ ಇನ್ನೊಂದು ಕಾರಣ ಆಪರೇಶನ್ ಆದವರಿಗೆ ಮುಖ್ಯ. ಆ್ಯಪಲ್ಲಿನ ಹಳೆಯ ಇಸಿಜಿ ನಾಡಿ 50ಕ್ಕಿಂತ ಕಡಿಮೆ ಅಥವಾ 120ಕ್ಕಿಂತ ಹೆಚ್ಚು ಇದ್ದರೆ ಎಎಫ್ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುವುದಿಲ್ಲ. ಹೊಸದು 150ರವರೆಗೆ ನೋಡುತ್ತದೆ. ಆಪರೇಶನ್ ನಂತರದ ಎಎಫ್ ಓಡುವುದೇ 120, 150ರ ಆಸುಪಾಸಿನಲ್ಲಿ. ಅಂದರೆ ಕಾಯಿಲೆ ಜೋರಾಗಿದ್ದಾಗಲೇ ವಾಚು ಕೈಚೆಲ್ಲಬಹುದು. ವಾಚಿನ ತೀರ್ಪು ಏನೇ ಇರಲಿ, ಗೆರೆ ಉಳಿದಿರುತ್ತದೆ. ಅದನ್ನು ಕಳಿಸಿ, ಓದುವವರು ಓದುತ್ತಾರೆ.

ಇಸಿಜಿ ಸರಿ ಬರಾಕ ಏನ್ ಮಾಡಬೇಕ್ರಿ?

ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಎರಡೂ ಕೈಯನ್ನು ಮೇಜಿನ ಮೇಲೋ ತೊಡೆಯ ಮೇಲೋ ಇಡಿ, ಗಾಳಿಯಲ್ಲಿ ಎತ್ತಿ ಹಿಡಿಯಬೇಡಿ. ಚಾರ್ಜಿಗೆ ಹಾಕಿದ ಯಂತ್ರದಿಂದ ತೆಗೆಯಬೇಡಿ. ಬೆರಳನ್ನು ಮೆಲ್ಲಗೆ ತಾಗಿಸಿ, ಒತ್ತಬೇಡಿ. ಕಬ್ಬು ಕಡಿದು, ಕುಡುಗೋಲು ಹಿಡಿದು ಗಟ್ಟಿಯಾದ ಬೆರಳಿನಿಂದ ವಿದ್ಯುತ್ತು ದಾಟುವುದಿಲ್ಲ, ಒಂದು ಹನಿ ನೀರು ಸವರಿಕೊಳ್ಳಿ. ನಗಬೇಡಿ, ಕೆಲಸಕ್ಕೆ ಬರುವಂಥ ಮೊದಲ ಇಸಿಜಿ ಯಂತ್ರ ಮಾಡಿದ ವಿಜ್ಞಾನಿ ಐಂಥೋವೆನ್ ರೋಗಿಗಳ ಕೈಕಾಲನ್ನು ಉಪ್ಪುನೀರಿನ ಬಕೆಟ್ಟಿನಲ್ಲೇ ಇಡಿಸುತ್ತಿದ್ದರು. ಅವರಿಗೆ 1924ರಲ್ಲಿ ನೊಬೆಲ್ ಬಂತು.

ತೆಗೆದ ಗೆರೆಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಫೋನಿನ ಪರದೆಯ ಫೋಟೋ ತೆಗೆದು, ಅದರ ಫೋಟೋವನ್ನು ಮತ್ತೊಬ್ಬರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ನನಗೆ ಕಾಣುವುದು ಟ್ಯೂಬ್‌ಲೈಟಿನ ಹೊಳಪು ಮಾತ್ರ. ಜೊತೆಗೆ ಮೂರು ಮಾತು ಬರೆಯಿರಿ: ಎಷ್ಟು ಗಂಟೆಗೆ, ಆಗ ಏನು ಅನಿಸುತ್ತಿತ್ತು, ಆ ಹೊತ್ತಿನ ಮಾತ್ರೆ ತೆಗೆದುಕೊಂಡಿದ್ದಿರೋ ಇಲ್ಲವೋ.

ವಾಚು 85 ಅಂತೈತಿ, ನರ್ಸಕ್ಕ ಎದಿಗೆ ಹಚ್ಚಿ ಎಣಿಸಿ 120 ಅಂತಾರ. ಯಾರದು ಖರೆ?

ನರ್ಸಕ್ಕನದು. ಎಎಫ್ ಇದ್ದಾಗ ಕೆಲವು ಬಡಿತ ಎಷ್ಟು ಬೇಗ ಬೀಳುತ್ತವೆ ಅಂದರೆ ಹೃದಯ ತುಂಬಿಕೊಳ್ಳಲು ಸಮಯವೇ ಇರುವುದಿಲ್ಲ. ಎದೆಯಲ್ಲಿ ಸದ್ದು ಕೇಳುತ್ತದೆ, ಕೈವರೆಗೆ ಅಲೆ ಮುಟ್ಟುವುದಿಲ್ಲ. ಕೈಯಲ್ಲಿ ಕೂತ ವಾಚು ಮುಟ್ಟಿದ್ದನ್ನಷ್ಟೇ ಎಣಿಸುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಬಂದರೆ ಅದೇ ಒಂದು ಸುಳಿವು, ಅವತ್ತೇ ಇಸಿಜಿ ಮಾಡಿಸಿ.

ನಡುರಾತ್ರಿ ಎರಡಕ್ಕ ಕಿರ್ ಅಂತ ಬಡಕೊಂಡ್ರ ಏನ್ ಮಾಡೂಣ್ರಿ?

ಮೊದಲು ವಾಚು ಬಿಟ್ಟು ಮನುಷ್ಯನನ್ನು ನೋಡಿ. ಎದೆನೋವು, ಉಸಿರು ಸಿಗದಿರುವುದು, ಕಣ್ಣು ಕತ್ತಲೆ ಬಂದು ಬೀಳುವುದು, ತಣ್ಣನೆ ಬೆವರು, ಬಾಯಿ ಸೊಟ್ಟ, ಒಂದು ಕೈ ಅಥವಾ ಕಾಲಿಗೆ ಬಲ ಇಲ್ಲದಿರುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡರೂ ಇಸಿಜಿ ತೆಗೆಯುತ್ತ ಕೂರದೆ 108ಕ್ಕೆ ಕರೆ ಮಾಡಿ. ವಾಚು ಸುಮ್ಮನೆ ಇದ್ದರೂ ಇದೇ ಮಾತು. ಲಕ್ವಾದ ಲಕ್ಷಣ ಶುರುವಾದ ಗಂಟೆ ನೆನಪಿಟ್ಟುಕೊಳ್ಳಿ, ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಿನ ಲೆಕ್ಕ ಇದೆ. ಇತ್ತೀಚೆಗೆ ಆಪರೇಶನ್ ಆಗಿದೆ, ರಕ್ತ ತೆಳು ಮಾಡುವ ಮಾತ್ರೆ ನಡೆದಿದೆ ಎಂಬುದನ್ನು ಹೋದ ಕೂಡಲೇ ಹೇಳಿ. ಆ ಇಂಜೆಕ್ಷನ್ ಕೊಡಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿರುತ್ತದೆ.

ಅಂಥದ್ದೇನೂ ಇಲ್ಲ, ಎದೆ ಸ್ವಲ್ಪ ಡವಡವ, ಅಷ್ಟೇ ಎಂದರೆ ಕೂತು ಗೆರೆ ತೆಗೆಯಿರಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ವಿಶ್ರಾಂತಿಯಲ್ಲೂ ನಾಡಿ 120ರ ಮೇಲೇ ನಿಂತರೆ ಅಥವಾ 40ರ ಕೆಳಗಿಳಿದರೆ ಬೆಳಗಾಗುವುದನ್ನು ಕಾಯಬೇಡಿ. (ನಿಮ್ಮ ವೈದ್ಯರು ಬೇರೆ ಅಂಕಿ ಹೇಳಿದ್ದರೆ ಅವರದೇ ಸರಿ.) ನಾಡಿ 90, 100ರಲ್ಲಿದ್ದು ತಾಳ ಮಾತ್ರ ತಪ್ಪಿದೆ, ಮೈ ಹಗುರವಾಗಿದೆ ಅಂದರೆ ಬೆಳಿಗ್ಗೆ ಹತ್ತಿರದ ಆಸ್ಪತ್ರೆಗೆ ಹೋಗಿ ಹನ್ನೆರಡು ಕೋನದ ಇಸಿಜಿ ಮಾಡಿಸಿ, ಆಪರೇಶನ್ ಮಾಡಿದವರಿಗೆ ಕಳಿಸಿ. ಅಲ್ಲಿಯವರೆಗೆ ಎದೆಬಡಿತ ಹಿಡಿತದಲ್ಲಿಡಲು ಕೊಟ್ಟ ಮೆಟೊಪ್ರೊಲೋಲನ್ನೋ ಅಮಿಯೊಡರೋನನ್ನೋ ನೀವೇ ಒಂದು ಹೆಚ್ಚಿಗೆ ನುಂಗಬೇಡಿ. ಮಾತ್ರೆ ನಿಲ್ಲಿಸಲೂ ಬೇಡಿ.

ಎಎಫ್ ಸಿಕ್ತು ಅಂದ್ರು. ಇನ್ನ ಜೀವನಪೂರ್ತಿ ರಕ್ತ ತೆಳು ಮಾಡೋ ಗುಳಿಗಿ ನುಂಗಬೇಕೇನ್ರಿ?

ಹಾಗೇನಿಲ್ಲ. ಹೃದಯದ ಆಪರೇಶನ್ ನಂತರ ಎಎಫ್ ಬಂದವರಿಗೆ, ರಕ್ತಸ್ರಾವದ ಭಯ ಇಲ್ಲದಿದ್ದರೆ, ಸುಮಾರು 60 ದಿನ ಕೊಟ್ಟು ಆಮೇಲೆ ಮತ್ತೆ ಲೆಕ್ಕ ಹಾಕುವುದು ಯೋಗ್ಯ ಎಂದು 2023ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಆ ಲೆಕ್ಕಕ್ಕೆ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಲಕ್ವಾ ಆಗಿತ್ತೇ ಎಂಬುದೆಲ್ಲ ಸೇರುತ್ತದೆ. 60 ದಿನದ ಕೊನೆಯಲ್ಲಿ ತಾಳ ಹೇಗಿದೆ ಎಂಬ ಪ್ರಶ್ನೆ ಬಂದಾಗ ನೀವು ಕೂಡಿಟ್ಟ ಗೆರೆಗಳು ನಿಜವಾಗಿ ಕೆಲಸಕ್ಕೆ ಬರುತ್ತವೆ.

ಯಂತ್ರಕ್ಕೆ ಸಿಕ್ಕ ಪ್ರತಿ ತುಣುಕಿಗೂ ಮಾತ್ರೆ ಬೇಕಿಲ್ಲ ಎಂಬುದಕ್ಕೂ ಆಧಾರ ಇದೆ. ಡೆನ್ಮಾರ್ಕಿನಲ್ಲಿ 70 ದಾಟಿದ 6,004 ಜನರ ಮೇಲೆ ನಡೆದ ಲೂಪ್ ಅಧ್ಯಯನದಲ್ಲಿ ಚರ್ಮದ ಕೆಳಗೆ ಯಂತ್ರ ಇಟ್ಟವರಲ್ಲಿ ಎಎಫ್ ಮೂರುಪಟ್ಟು ಹತ್ತಿರ ಸಿಕ್ಕಿತು, ಮಾತ್ರೆಯೂ ಹೆಚ್ಚು ಜನರಿಗೆ ಶುರುವಾಯಿತು. ಆದರೆ ಪಾರ್ಶ್ವವಾಯು ಖಚಿತವಾಗಿ ಇಳಿಯಿತು ಎಂದು ಹೇಳುವಷ್ಟು ವ್ಯತ್ಯಾಸ ಬರಲಿಲ್ಲ. ಅವರು ಆಪರೇಶನ್ ಆದವರಲ್ಲ, ನಿಜ. ಆದರೂ ಐದು ನಿಮಿಷದ ಎಎಫ್‌ಗೆ ಹೆದರಿ ಊಟ ಬಿಟ್ಟವರಿಗೆ ನಾನು ಇದನ್ನು ಹೇಳುತ್ತೇನೆ.

ರಕ್ತ ತೆಳು ಮಾಡುವ ವಾರ್ಫರಿನ್ ಗುಳಿಗೆ ನಡೆದಿದ್ದರೆ, ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ಲೋಹದ ವಾಲ್ವ್ ಹಾಕಿಸಿಕೊಂಡವರು ವಾರ್ಫರಿನ್ ಬಿಟ್ಟು ‘ಪರೀಕ್ಷೆ ಬೇಡದ ಹೊಸ ಗುಳಿಗೆ’ಗೆ ತಾವಾಗಿ ಬದಲಾಯಿಸಲೇಬಾರದು. ಅಂಥ ವಾಲ್ವಿಗೆ ಆ ಹೊಸ ಗುಳಿಗೆಗಳು ನಡೆಯುವುದಿಲ್ಲ. ಇನ್ನು ಊಟ. ರೊಟ್ಟಿ ಜೊತೆ ಹಸಿ ಮೆಂತೆ, ಹಕ್ಕರಕಿ ಇಲ್ಲದೆ ನಮ್ಮ ಕಡೆ ಊಟ ಇಳಿಯುವುದಿಲ್ಲ, ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಕೆಲಸ ತಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ. ದಿನಾ ಒಂದೇ ಅಳತೆ ಇರಲಿ. ವಾರವೆಲ್ಲ ಬಿಟ್ಟು ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಕೂತು ಒಮ್ಮೆಲೇ ಬುಟ್ಟಿ ಖಾಲಿ ಮಾಡಿದರೆ ಐಎನ್‌ಆರ್ ತಪ್ಪುತ್ತದೆ.

ಹಾರ್ಟ್ ಅಟ್ಯಾಕ್ ಹಿಡೀತೈತೇನ್ರಿ? ಬಿಪಿ, ಶುಗರ್?

ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ. ‘ಸೈನಸ್ ರಿದಂ’, ಅಂದರೆ ತಾಳ ಸರಿ ಇದೆ, ಎಂದು ಬಂದರೂ ಅಟ್ಯಾಕ್ ಆಗುತ್ತಿರಬಹುದು, ಎದೆನೋವಿಗೆ ವಾಚು ನೋಡುತ್ತ ಕೂರಬೇಡಿ. ಬಿಪಿಗೆ ತೋಳಿಗೆ ಸುತ್ತುವ ಯಂತ್ರವೇ ಸರಿ. ಸೂಜಿ ಇಲ್ಲದೆ ಶುಗರ್ ತೋರಿಸುತ್ತೇನೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲೇ ಎಚ್ಚರಿಸಿದೆ.

ಪೇಸ್‌ಮೇಕರ್ ಕೂಡಿಸ್ಯಾರ. ವಾಚು ಕಟ್ಟಬಹುದೇನ್ರಿ?

ಕಟ್ಟಬಹುದು, ಆದರೆ ಅದರ ತಾಳದ ತೀರ್ಪನ್ನು ನಂಬುವಂತಿಲ್ಲ. ನಿಮ್ಮ ಪೇಸ್‌ಮೇಕರೇ ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದೆ, ತಪಾಸಣೆಗೆ ಹೋದಾಗ ಓದುತ್ತಾರೆ. ಫೋನು, ವಾಚು ಮತ್ತು ವಾಚಿನ ಅಯಸ್ಕಾಂತದ ಚಾರ್ಜರನ್ನು ಎದೆಯಿಂದ ಒಂದು ಗೇಣಿನಷ್ಟು ದೂರ ಇಡಿ. ಅಂಗಿಯ ಮೇಲ್ಕಿಸೆಯಲ್ಲಿ ಫೋನ್ ಇಡುವ ರೂಢಿ ಬಿಡಿ.

ನನಗ ಸ್ಟೆಂಟ್ ಅಷ್ಟ ಹಾಕ್ಯಾರ. ನಮ್ಮ ಕಾಕಾಗ ಖುಬ್ಬದ ಆಪರೇಶನ್ ಆಗೈತಿ. ನಮಗೂ ಬೇಕೇನು?

ಸ್ಟೆಂಟಿಗೆ ಎದೆ ತೆರೆಯುವುದಿಲ್ಲ, ಮೇಲೆ ಹೇಳಿದ ಅಂಕಿಗಳು ನಿಮಗಲ್ಲ. ಖುಬ್ಬ (ಸೊಂಟದ ಕೀಲು), ಹೊಟ್ಟೆ, ಶ್ವಾಸಕೋಶದ ದೊಡ್ಡ ಆಪರೇಶನ್ ನಂತರವೂ ಎಎಫ್ ಬರುವುದುಂಟು. ಶ್ವಾಸಕೋಶದ ಆಪರೇಶನ್ನಿನಲ್ಲಿ ಹೆಚ್ಚು, ಉಳಿದವುಗಳಲ್ಲಿ ಹೃದಯದ ಆಪರೇಶನ್ನಿಗಿಂತ ಬಹಳ ಕಡಿಮೆ. ಆಸ್ಪತ್ರೆಯಲ್ಲಿ ಒಮ್ಮೆ ಬಂದಿದ್ದರೆ ಮಾತ್ರ ವೈದ್ಯರನ್ನು ಕೇಳಿ.

ಪುಣೇದಾಗಿನ ಮಗಾ ಅಲ್ಲೇ ಕುಂತು ನನ್ನ ಎದಿಬಡಿತ ನೋಡ್ತಾನ್ರಿ. ತಾಸಿಗೊಮ್ಮೆ ಫೋನ್!

ಮಗನ ಜೊತೆ ನಾನು ಮಾತಾಡಬೇಕು. ಅಪ್ಪ ಪಾಯಖಾನೆಗೆ ಹೋಗಿ ಬಂದರೂ ನಾಡಿ ಇಪ್ಪತ್ತು ಏರುತ್ತದೆ. ಅದನ್ನು ನೋಡಿ ಮಗ ಫೋನ್ ಮಾಡುತ್ತಾನೆ, ಗಾಬರಿಗೆ ಅಪ್ಪನ ನಾಡಿ ಇನ್ನೂ ಹತ್ತು ಏರುತ್ತದೆ. ಆಪರೇಶನ್ ಆದ ಮೊದಲ ವಾರಗಳಲ್ಲಿ ರಕ್ತ ಕಡಿಮೆ ಇರುತ್ತದೆ, ನಾಡಿ 90, 100 ಇರುವುದು ಸಾಮಾನ್ಯ. ದಿನಕ್ಕೆ ಎರಡು ಹೊತ್ತು ಗೊತ್ತುಮಾಡಿಕೊಳ್ಳಿ, ಆಗಿನ ಗೆರೆ ಮಾತ್ರ ಹಂಚಿಕೊಳ್ಳಿ. ಯಾರ ಖಾತೆಯಲ್ಲಿ ವಾಚು ಜೋಡಿಸಿದ್ದೀರಿ, ಮಾಹಿತಿ ಯಾರಿಗೆಲ್ಲ ಹೋಗುತ್ತಿದೆ ಎಂದು ಒಮ್ಮೆ ಸೆಟ್ಟಿಂಗ್ ತೆರೆದು ನೋಡುವುದೂ ಒಳ್ಳೆಯದು.

ವಾಚಿಗೆ ರೊಕ್ಕ ಇಲ್ರಿ. ಆಪರೇಶನ್‌ನ ಸರಕಾರದ ಕಾರ್ಡಿನ ಮ್ಯಾಲ ಮಾಡಿಸೇವಿ.

ಬೇಸರ ಬೇಡ, ಸಾಲವಂತೂ ಮಾಡಬೇಡಿ. ಬೆರಳಿದೆಯಲ್ಲ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಅಂಚಿನಲ್ಲಿ ಇನ್ನೊಂದು ಕೈಯ ಮೂರು ಬೆರಳು ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ತಪ್ಪಿದ ನಾಡಿಗೆ ಸುಳ್ಳು ಲೆಕ್ಕ. ಎಣಿಸುವಾಗ ಅಂಕಿಗಿಂತ ಅಂತರದ ಕಡೆ ಲಕ್ಷ್ಯ ಇಡಿ. ಭಜನೆಯಲ್ಲಿ ತಾಳ ಹಾಕುವವರಿಗೆ ಇದು ನನಗಿಂತ ಬೇಗ ತಿಳಿಯುತ್ತದೆ. ಬೀಳಗಿ ಕಡೆಯ ಒಬ್ಬ ಅಜ್ಜಿ ಗಂಡನ ನಾಡಿ ಹಿಡಿದು, “ಒಂದ ಸವನ ಇಲ್ರಿ, ಮಕ್ಕಳು ಹಲಗಿ ಬಡದಂಗ ಐತಿ” ಎಂದು ಕರೆತಂದರು. ಇಸಿಜಿಯಲ್ಲಿ ಎಎಫ್ ಇತ್ತು. ಆಕೆಯ ಕೈಯಲ್ಲಿ ಹಸಿರು ಬಳೆ ಬಿಟ್ಟರೆ ಬೇರೇನೂ ಇರಲಿಲ್ಲ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಣಿಸಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಿರಿ. ತಪ್ಪಿದಂತೆ ಅನಿಸಿದರೆ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹಾರ್ಟ್ ಅಟ್ಯಾಕ್ ಬೇಗ ಗುರುತಿಸಲೆಂದು ಸರಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಿಂದ ತಾಲೂಕು ಮಟ್ಟದಲ್ಲೂ ಇಸಿಜಿಗೆ ಒತ್ತು ಸಿಕ್ಕಿದೆ.

ಎಷ್ಟ ದಿನಾ ಕಟ್ಟಬೇಕ್ರಿ ಇದನ್ನ?

ಮೊದಲ ಆರು ವಾರ ಮುಖ್ಯ. ಎಎಫ್ ಒಮ್ಮೆ ಬಂದಿದ್ದರೆ ಎರಡು ತಿಂಗಳ ನಂತರ ಮಾತ್ರೆಯ ತೀರ್ಮಾನ ಆಗುವವರೆಗೆ. ಮೂರು ತಿಂಗಳಾದರೂ ಎಲ್ಲ ಗೆರೆ ಸರಿ ಇದ್ದು, ವೈದ್ಯರೂ ಸಾಕು ಎಂದರೆ ಬಿಚ್ಚಿಡಿ. ಬಿಚ್ಚಿ ಮೊಮ್ಮಗನಿಗೆ ಕೊಡುವ ಮೊದಲು ಹಳೆಯ ಗೆರೆಗಳನ್ನೆಲ್ಲ ಪಿಡಿಎಫ್ ಮಾಡಿ ಫೈಲಿಗೆ ಹಾಕಿ, ಖಾತೆಯಿಂದ ನಿಮ್ಮ ಹೆಸರು ತೆಗೆಯಿರಿ. ಇಲ್ಲದಿದ್ದರೆ ಮುಂದಿನ ತಿಂಗಳು ಕಬಡ್ಡಿ ಆಡಿ ಬಂದ ಹುಡುಗನ 170ರ ನಾಡಿ ನಿಮ್ಮ ಹೆಸರಿನಲ್ಲಿ ನನ್ನ ಫೋನಿಗೆ ಬರುತ್ತದೆ.